ಕಮಲ ಯಾರ ಮುಡಿಗೆ? ಬೆಟ್ಟು ಕಟ್ಟುವ ಮಹಾಶಯರೇ, ಸ್ವಲ್ಪ ತಡೀರಿ!

ಶೇಂಗಾ ದರ ಏರುತ್ತದೋ ಇಳಿಯುತ್ತದೋ, ಈ ಸಲ ಮಳೆರಾಯ ಕೈ ಹಿಡಿಯುತ್ತಾನೋ ಕೈ ಕೊಡುತ್ತಾನೋ - ಈ ಎರಡು ಪ್ರಶ್ನೆ ಬಿಟ್ಟರೆ ಚಳ್ಳಕೆರೆಯ ಟೀ ಅಂಗಡಿಗಳಲ್ಲಿ ಬಹು ಬೇಗ ಬಿಸಿಯೇರುವ ಪ್ರಶ್ನೆ ಸಿನಿಮಾದ್ದು. ಅದರಲ್ಲೂ ದಿಲ್ಲಿಯ ರಾಷ್ಟ್ರ ಪ್ರಶಸ್ತಿಯ ಪಟ್ಟಿ ಹೊರಬೀಳುವ ಕಾಲ ಹತ್ತಿರ ಬಂತೆಂದರೆ ಮುಗಿಯಿತು. ಮೊಳಕಾಲ್ಮೂರು ಬಸ್ಸಿಗೆ ಕಾದು ನಿಂತವರೂ ಜ್ಯೋತಿಷಿಗಳೇ, ಗಲ್ಲಾಪೆಟ್ಟಿಗೆ ಮುಂದೆ ಕೂತ ಸಾಹುಕಾರರೂ ಜ್ಯೋತಿಷಿಗಳೇ.

"ಈ ಸಲಾನೂ ನಮ್ಮ ರಿಷಬ್‌ಗೇ ಬರ್ತೈತೆ, ಬರ್ಕೊ ಅಣ್ಣ!"

"ಬಿಡಪ್ಪ, ಒಂದ್ಸಲ ಕೊಟ್ಟೋರಿಗೆ ಮತ್ತೆ ಕೊಡ್ತಾರೇನು?"

"ಬೆಟ್ಟು ಎಷ್ಟು?"

2025ರ ಅಕ್ಟೋಬರ್ 2ರಂದು 'ಕಾಂತಾರ'ದ ಮುಂದಿನ ಅಧ್ಯಾಯ ತೆರೆಗೆ ಬಂದದ್ದೇ ತಡ, ಈ ವಾದ ಶುರುವಾಯಿತು. ಬೆಟ್ಟು ಒಂದು ಪ್ಲೇಟ್ ಮಂಡಕ್ಕಿ ಮೆಣಸಿನಕಾಯಿಯಾದರೆ ಯಾರ ತಕರಾರೂ ಇಲ್ಲ. ಅದು ನೋಟಿನ ಲೆಕ್ಕಕ್ಕೆ ಹೋದಾಗಲೇ ಪ್ರಶ್ನೆ. ಹಾಗಾದರೆ ಈ ಪ್ರಶಸ್ತಿಯನ್ನು ಮೊದಲೇ ಹೇಳಲು ಬರುತ್ತದೆಯೇ? ಹೇಳಿದವರು ಎಷ್ಟು ಸಲ ಗೆದ್ದಿದ್ದಾರೆ? ಹಳೆಯ ಪಟ್ಟಿ ತೆಗೆದು ನೋಡಿದರೆ ಸ್ವಾರಸ್ಯ ಇದೆ.

ಅಣ್ಣಾವ್ರಿಗೇ ಬರಲಿಲ್ಲ!

ರಾಷ್ಟ್ರ ಪ್ರಶಸ್ತಿ ಶುರುವಾದದ್ದು 1954ರಲ್ಲಿ. ಶ್ರೇಷ್ಠ ನಟ ಎಂಬ ಪ್ರಶಸ್ತಿ ಸೇರಿದ್ದು ತಡವಾಗಿ, 1967ರ ಚಿತ್ರಗಳಿಂದ. ಆಗ ನಮ್ಮ ಕಡೆಯ ಯಾರನ್ನೇ ಕೇಳಿದರೂ ಬರುತ್ತಿದ್ದ ಉತ್ತರ ಒಂದೇ - ರಾಜ್‌ಕುಮಾರ್. ತಪ್ಪೇನಿತ್ತು? 1971ರಲ್ಲಿ 'ಕಸ್ತೂರಿ ನಿವಾಸ', 1972ರಲ್ಲಿ 'ಬಂಗಾರದ ಮನುಷ್ಯ'. ಆದರೆ 1971ರ ಪ್ರಶಸ್ತಿ 'ರಿಕ್ಷಾಕಾರನ್' ಚಿತ್ರಕ್ಕಾಗಿ ಎಂ.ಜಿ. ರಾಮಚಂದ್ರನ್ ಪಾಲಾಯಿತು. 1972ರದ್ದು 'ಕೋಶಿಶ್' ಚಿತ್ರದಲ್ಲಿ ಮಾತು ಬಾರದವನ ಪಾತ್ರ ಮಾಡಿದ ಸಂಜೀವ್ ಕುಮಾರ್‌ಗೆ ಹೋಯಿತು.

ಕೊನೆವರೆಗೂ ರಾಜ್ ಅವರಿಗೆ ನಟನೆಗಾಗಿ ರಾಷ್ಟ್ರ ಪ್ರಶಸ್ತಿ ಬರಲೇ ಇಲ್ಲ. ಬಂದದ್ದು ಯಾವುದಕ್ಕೆ? ಹಾಡಿದ್ದಕ್ಕೆ! 1992ರ 'ಜೀವನ ಚೈತ್ರ' ಚಿತ್ರದ ಗಾಯನಕ್ಕೆ ಶ್ರೇಷ್ಠ ಹಿನ್ನೆಲೆ ಗಾಯಕ ಪ್ರಶಸ್ತಿ. ಆ ಮೇಲೆ 1995ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪುರಸ್ಕಾರ. ಇಷ್ಟು ವರ್ಷ 'ನಟ' ಎಂದು ಬೆಟ್ಟು ಕಟ್ಟಿದವರೆಲ್ಲ ಸೋತರು. 'ಗಾಯಕ' ಎಂದು ಕಟ್ಟಿದವನೊಬ್ಬ ಇದ್ದಿದ್ದರೆ ಅವನೇ ಊರ ಸಾಹುಕಾರ.

ಹಾಗಾದರೆ ಕನ್ನಡಕ್ಕೆ ನಟ ಪ್ರಶಸ್ತಿ ತಂದವರು ಯಾರು? 1975ರ 'ಚೋಮನ ದುಡಿ'ಗೆ ಎಂ.ವಿ. ವಾಸುದೇವರಾವ್. 1986ರ 'ತಬರನ ಕಥೆ'ಗೆ ಚಾರುಹಾಸನ್. 2014ರ 'ನಾನು ಅವನಲ್ಲ ಅವಳು' ಚಿತ್ರಕ್ಕೆ ಸಂಚಾರಿ ವಿಜಯ್. 2022ರ 'ಕಾಂತಾರ'ಕ್ಕೆ ರಿಷಬ್ ಶೆಟ್ಟಿ. ನಾಲ್ಕೇ ಜನ. ಮೊದಲ ಮೂವರಿಗೆ ಅಭಿಮಾನಿ ಸಂಘ ಇರಲಿಲ್ಲ, ಕಟೌಟ್ ಇರಲಿಲ್ಲ, ಹಾಲಿನ ಅಭಿಷೇಕ ಇರಲಿಲ್ಲ. ಒಬ್ಬ ಭೂಮಿಯಿಲ್ಲದ ಜೀತದಾಳು, ಒಬ್ಬ ಪೆನ್ಶನ್ನಿಗಾಗಿ ಕಚೇರಿ ಕಂಬ ಸುತ್ತುವ ಮುದುಕ, ಒಬ್ಬ ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಲು ಹೊರಟವಳು - ಇವು ಪಾತ್ರಗಳು. ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿಳಿದ ಯಾರಿಗಾದರೂ ತಬರ ಬೇರೆಯವನಲ್ಲ.

ನಟಿಯರ ಕಥೆಯೂ ಅಷ್ಟೇ. 1973ರ 'ಕಾಡು' ಚಿತ್ರಕ್ಕೆ ನಂದಿನಿ ಭಕ್ತವತ್ಸಲ, 2004ರ 'ಹಸೀನಾ'ಕ್ಕೆ ತಾರಾ, 2007ರ 'ಗುಲಾಬಿ ಟಾಕೀಸ್'ಗೆ ಉಮಾಶ್ರೀ. ತೆರೆಯ ಮೇಲೆ ನಗಿಸುತ್ತಿದ್ದ ಉಮಾಶ್ರೀ ಸಿನಿಮಾ ಹುಚ್ಚಿನ ಸೂಲಗಿತ್ತಿಯಾಗಿ ದೇಶದ ಶ್ರೇಷ್ಠ ನಟಿ ಆಗುತ್ತಾರೆಂದು ಯಾವ ಬೆಟ್ಟಿನ ಚೀಟಿಯಲ್ಲಿ ಇತ್ತು?

ಆಂಧ್ರದ ಗಡಿಯ ಗೋಳು

ಮೊಳಕಾಲ್ಮೂರಿನವರಿಗೆ ರಾಯದುರ್ಗ ಪಕ್ಕದ ಮನೆ. ಕನ್ನಡ ಚಿತ್ರದಷ್ಟೇ ತೆಲುಗು ಚಿತ್ರಕ್ಕೂ ಸೀಟಿ ಹೊಡೆಯುವ ನೆಲ ಇದು. ಅಲ್ಲಿಯ ಅಭಿಮಾನಿಗಳ ಪಾಡು ಇನ್ನೂ ಕಷ್ಟದ್ದಾಗಿತ್ತು. ಎನ್.ಟಿ. ರಾಮರಾವ್, ಅಕ್ಕಿನೇನಿ ನಾಗೇಶ್ವರರಾವ್ ಅಂಥ ಮಹಾಮಹಿಮರಿಗೂ ಸಿಗದ ಶ್ರೇಷ್ಠ ನಟ ಪ್ರಶಸ್ತಿ ತೆಲುಗಿಗೆ ಮೊದಲ ಸಲ ಬಂದದ್ದು 2023ರ ಆಗಸ್ಟ್‌ನಲ್ಲಿ, 'ಪುಷ್ಪ' ಚಿತ್ರದ ಅಲ್ಲು ಅರ್ಜುನ್ ಮೂಲಕ. ಅದೂ ಕೂಲಿಯವನಾಗಿ ಶುರುಮಾಡಿ ರಕ್ತಚಂದನದ ಕಳ್ಳಸಾಗಣೆದಾರನಾಗುವ ಪಾತ್ರಕ್ಕೆ! ದೇವರ ಪಾತ್ರ ಮಾಡಿದವರಿಗೆ ಬರಲಿಲ್ಲ, ಕಳ್ಳನ ಪಾತ್ರ ಮಾಡಿದವನಿಗೆ ಬಂತು. ಯಾವ ಪಂಚಾಂಗದಲ್ಲಿ ಇದನ್ನು ಹುಡುಕುವುದು?

ಆಸ್ಕರ್ ಹೇಳಬಹುದು, ದಿಲ್ಲಿ ಹೇಳಲಾಗದು

"ಅಮೆರಿಕಾದ ಆಸ್ಕರ್ ಯಾರಿಗೆ ಅಂತ ಮೊದಲೇ ಹೇಳ್ತಾರಲ್ಲ ಸ್ವಾಮಿ?" ಎಂದು ಬಲ್ಲವರು ಕೇಳುತ್ತಾರೆ. ಹೌದು, ಹೇಳುತ್ತಾರೆ. ಕಾರಣ ಸರಳ. ಅಲ್ಲಿ ಮತ ಹಾಕುವವರು ಹತ್ತು ಸಾವಿರದ ಆಸುಪಾಸು, ಎಲ್ಲರೂ ಸಿನಿಮಾ ಕಸುಬಿನವರು. ಮೊದಲು ನಾಮಕರಣದ ಪಟ್ಟಿ ಹೊರಬೀಳುತ್ತದೆ. ನಟರ ಸಂಘ, ನಿರ್ದೇಶಕರ ಸಂಘಗಳು ಆಸ್ಕರ್ ಸಮಾರಂಭಕ್ಕೂ ಮುಂಚೆ ತಮ್ಮ ಪ್ರಶಸ್ತಿ ಕೊಟ್ಟಿರುತ್ತವೆ. ಆ ಸಂಘಗಳವರೇ ಅನೇಕರು ಇಲ್ಲೂ ಮತದಾರರು. ಅಂದಮೇಲೆ ಗಾಳಿ ಯಾವ ಕಡೆ ಎಂಬುದು ಗೊತ್ತಾಗುತ್ತದೆ. 2023ರ ಜನವರಿಯಲ್ಲಿ 'ನಾಟು ನಾಟು' ಹಾಡಿಗೆ ಗೋಲ್ಡನ್ ಗ್ಲೋಬ್ ಬಂತು, ಮಾರ್ಚ್‌ನಲ್ಲಿ ಆಸ್ಕರ್ ಬಂತು. ರಾಯದುರ್ಗದ ಕಡೆಯವರು ಎರಡು ತಿಂಗಳು ಮೊದಲೇ ಪಟಾಕಿ ತಂದಿಟ್ಟುಕೊಂಡಿದ್ದರೂ ನಷ್ಟವಾಗುತ್ತಿರಲಿಲ್ಲ.

ಆದರೂ ಅಲ್ಲೂ ಎಡವಟ್ಟು ತಪ್ಪಿದ್ದಲ್ಲ. 2017ರಲ್ಲಿ ವೇದಿಕೆಯ ಮೇಲೆ ತಪ್ಪು ಲಕೋಟೆ ಕೈಗೆ ಬಂದು 'ಲಾ ಲಾ ಲ್ಯಾಂಡ್' ಎಂದು ಸಾರಿಬಿಟ್ಟರು. ಆ ಚಿತ್ರದವರು ಭಾಷಣ ಮಾಡುತ್ತಿರುವಾಗಲೇ ನಿಜವಾಗಿ ಗೆದ್ದದ್ದು 'ಮೂನ್‌ಲೈಟ್' ಎಂದು ತಿದ್ದಬೇಕಾಯಿತು. ಲಕೋಟೆ ಒಡೆದ ಮೇಲೂ ಭವಿಷ್ಯ ಸುಳ್ಳಾಗುವುದೆಂದರೆ ಇದೇ!

ದಿಲ್ಲಿಯ ರೀತಿಯೇ ಬೇರೆ. ಇಲ್ಲಿ ನಾಮಕರಣದ ಪಟ್ಟಿ ಎಂಬುದೇ ಹೊರಬರುವುದಿಲ್ಲ. ಆ ವರ್ಷದ ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಸರ್ಟಿಫಿಕೇಟು ಪಡೆದ ಚಿತ್ರಗಳ ಪೈಕಿ, ಅರ್ಜಿ ಹಾಕಿದವುಗಳನ್ನು ಮಾತ್ರ ನೋಡುತ್ತಾರೆ. ಅರ್ಜಿಯೇ ಹೋಗದಿದ್ದರೆ ನೂರು ದಿನ ಓಡಿದರೂ ಇಲ್ಲ. ಮೊದಲು ಪ್ರಾದೇಶಿಕ ಸಮಿತಿಗಳು ಜರಡಿ ಹಿಡಿಯುತ್ತವೆ, ಆಮೇಲೆ ಕೇಂದ್ರ ಸಮಿತಿ ಕೂತು ತೀರ್ಮಾನಿಸುತ್ತದೆ. ಬೆರಳೆಣಿಕೆಯ ಮಂದಿ, ಒಂದು ಕೋಣೆ. ವರ್ಷ ವರ್ಷ ಸಮಿತಿ ಬದಲು. 2022ರ ಚಿತ್ರಗಳಿಗೆ ರಾಹುಲ್ ರವೈಲ್ ಅಧ್ಯಕ್ಷರು, 2023ರ ಚಿತ್ರಗಳಿಗೆ ಅಶುತೋಷ್ ಗೋವಾರಿಕರ್. ಹೋದ ವರ್ಷದವರ ರುಚಿ ಈ ವರ್ಷದವರಿಗೆ ಇರಬೇಕೆಂದೇನೂ ಇಲ್ಲ.

ಇನ್ನೊಂದು ಗಮ್ಮತ್ತು ಕೇಳಿ. ಚಿತ್ರ ಟಾಕೀಸಿಗೆ ಬಂದಿರಲೇಬೇಕೆಂಬ ಕಟ್ಟಳೆ ಇಲ್ಲ, ಸರ್ಟಿಫಿಕೇಟು ಸಾಕು. ಸಂಚಾರಿ ವಿಜಯ್‌ಗೆ ಪ್ರಶಸ್ತಿ ಎಂದು 2015ರ ಮಾರ್ಚ್‌ನಲ್ಲಿ ಸಾರಿದಾಗ ಆ ಚಿತ್ರ ಬಿಡುಗಡೆಯೇ ಆಗಿರಲಿಲ್ಲ. ಜನ ನೋಡಿದ್ದು ಅದೇ ಸೆಪ್ಟೆಂಬರ್‌ನಲ್ಲಿ. ನೋಡದ ಚಿತ್ರದ ಮೇಲೆ ಬೆಟ್ಟು ಕಟ್ಟುವುದು ಹೇಗಪ್ಪಾ?

ತಳುಕಿನ ಪಾಲು ಎಷ್ಟು?

ಇಷ್ಟೆಲ್ಲ ಹೇಳಿ ನಮ್ಮೂರ ಲೆಕ್ಕ ಹೇಳದಿದ್ದರೆ ಹೇಗೆ? ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸು ದಾಟುವ ತಳುಕು ಗ್ರಾಮಕ್ಕೂ ದಿಲ್ಲಿಯ ಕಮಲಕ್ಕೂ ಹಳೆಯ ನಂಟು ಇದೆ. ಕಾದಂಬರಿಕಾರ ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರವೇ ತಳುಕು. ಅವರ ಮನೆತನದ ಊರು ಇದು. ಅವರ ಕಾದಂಬರಿಯಿಂದ ತೆಗೆದ 'ಚಂದವಳ್ಳಿಯ ತೋಟ' 1964ರ ಸಾಲಿನಲ್ಲಿ ಶ್ರೇಷ್ಠ ಕನ್ನಡ ಚಿತ್ರ ಎನಿಸಿತು. ದುರ್ಗದ ಸಂಗೀತಗಾರನ ಕಥೆಯ 'ಹಂಸಗೀತೆ', ಜಿ.ವಿ. ಅಯ್ಯರ್ ಕೈಯಲ್ಲಿ ಚಿತ್ರವಾಗಿ 1975ರಲ್ಲಿ ಅದೇ ಗೌರವ ಪಡೆಯಿತು. ಅದರಲ್ಲಿ ಹಾಡಿದ ಬಾಲಮುರಳಿಕೃಷ್ಣರಿಗೆ ಶ್ರೇಷ್ಠ ಗಾಯಕ ಪ್ರಶಸ್ತಿಯೂ ಬಂತು.

ಆದರೆ ನಡುವೆ 1972ರಲ್ಲಿ ಬಂದ, ನಮ್ಮ ಕೋಟೆಯನ್ನು ನಾಡಿಗೆಲ್ಲ ತೋರಿಸಿದ 'ನಾಗರಹಾವು'? ಅದೂ ತ.ರಾ.ಸು. ಕಥೆಯೇ. ಪುಟ್ಟಣ್ಣ ಕಣಗಾಲ್ ನಿರ್ದೇಶನ, ಹೊಸ ಹುಡುಗ ವಿಷ್ಣುವರ್ಧನ್ ರಾಮಾಚಾರಿ. ಚಿತ್ರದುರ್ಗ ಜಿಲ್ಲೆಯಲ್ಲಿ ಆಗ ಬೆಟ್ಟು ಕಟ್ಟಿದ್ದರೆ ಎದುರಾಳಿಯೇ ಸಿಗುತ್ತಿರಲಿಲ್ಲ. ರಾಜ್ಯ ಸರ್ಕಾರ ವಿಷ್ಣು ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಕೊಟ್ಟಿತು. ಆದರೆ ದಿಲ್ಲಿಯವರು ಆ ಸಾಲಿನ ಶ್ರೇಷ್ಠ ಕನ್ನಡ ಚಿತ್ರವೆಂದು ಆರಿಸಿದ್ದು ಅದೇ ಪುಟ್ಟಣ್ಣನವರ 'ಶರಪಂಜರ'ವನ್ನು! ನಿರ್ದೇಶಕನ ಹೆಸರು ಸರಿ, ಚಿತ್ರದ ಹೆಸರು ತಪ್ಪು. ಅರ್ಧ ಬೆಟ್ಟು ವಾಪಸ್ಸು ಕೊಡುವ ಪದ್ಧತಿ ಎಲ್ಲಿದೆ?

ಇದರ ಗುಟ್ಟು ಮೊಳಕಾಲ್ಮೂರಿನ ನೇಕಾರರಿಗೆ ಗೊತ್ತು. ರೇಷ್ಮೆ ಸೀರೆ ಕೊಳ್ಳುವವರು ಬಣ್ಣ ನೋಡುತ್ತಾರೆ, ಬಲ್ಲವನು ಸೆರಗು ಮಗುಚಿ ಹಿಂಬದಿ ನೋಡುತ್ತಾನೆ. ಟಾಕೀಸಿನ ಜನ ನೋಡುವುದು ಮುಂಬದಿ, ಸಮಿತಿ ನೋಡುವುದು ಹಿಂಬದಿ. ಎರಡೂ ಸೀರೆಯೇ, ಸುಳ್ಳಲ್ಲ.

ಹಾಗಂತ ಸಮಿತಿಯವರು ಎಡವುವುದೇ ಇಲ್ಲ ಎನ್ನಬೇಡಿ. ನಮ್ಮ ಹಟ್ಟಿ ಹಟ್ಟಿಗೂ ಗೊತ್ತಿರುವ ಡೊಳ್ಳಿನ ಕಥೆಯ 'ಡೊಳ್ಳು' 2020ರ ಸಾಲಿಗೆ ಶ್ರೇಷ್ಠ ಕನ್ನಡ ಚಿತ್ರವಾಯಿತು, ಸಂತೋಷ. ಜೊತೆಗೆ ಚಿತ್ರೀಕರಣದ ಸ್ಥಳದಲ್ಲೇ ಧ್ವನಿ ಹಿಡಿದದ್ದಕ್ಕೆ ಕೊಡುವ ಪ್ರಶಸ್ತಿಯೂ ಅದಕ್ಕೇ ಬಂತು. 2022ರಲ್ಲಿ ಇದು ಹೊರಬಿದ್ದಾಗ, ಧ್ವನಿ ವಿನ್ಯಾಸ ಮಾಡಿದವರೇ "ಇದು ಡಬ್ಬಿಂಗ್ ಮಾಡಿದ ಚಿತ್ರ" ಎಂದು ಹೇಳಿ ಎಲ್ಲರೂ ಕಣ್ಣು ಕಣ್ಣು ಬಿಡುವಂತಾಯಿತು.

ರಾಜ್ಯದ್ದು ಇನ್ನೂ ಒಂದು ಕೈ ಮೇಲು

ದಿಲ್ಲಿಯದು ಬೇಡ, ಬೆಂಗಳೂರಿನ ರಾಜ್ಯ ಪ್ರಶಸ್ತಿಗೆ ಬೆಟ್ಟು ಕಟ್ಟೋಣ ಎನ್ನುವವರಿಗೆ ಒಂದು ಮಾತು: ತಾಳ್ಮೆ ಬೇಕು. 2019ರ ಚಿತ್ರಗಳ ಪ್ರಶಸ್ತಿ ಘೋಷಣೆಯಾದದ್ದು 2025ರ ಜನವರಿಯಲ್ಲಿ! ನಡುವೆ ಕೊರೋನಾ ಬಂದು ಹೋಯಿತು, ಸರ್ಕಾರಗಳು ಬದಲಾದವು. 'ಪೈಲ್ವಾನ್' ಚಿತ್ರಕ್ಕೆ ಶ್ರೇಷ್ಠ ನಟ ಎಂದು ಸುದೀಪ್ ಹೆಸರು ಬಂತು. ಅವರು ನಯವಾಗಿ, ಪ್ರಶಸ್ತಿ ಬೇಡ, ಬೇರೆಯವರಿಗೆ ಕೊಡಿ ಎಂದುಬಿಟ್ಟರು. ಸುದೀಪ್ ಎಂದು ಬೆಟ್ಟು ಕಟ್ಟಿದವನು ಗೆದ್ದನೋ ಸೋತನೋ? ಇದನ್ನು ತೀರ್ಮಾನಿಸಲು ಊರ ಪಂಚಾಯ್ತಿಯೇ ಸೇರಬೇಕು.

ಆದರೂ ಊಹೆ ಮಾಡುವವರಿಗೆ

ಬಾಯಿ ಚಪಲಕ್ಕೆ ಊಹೆ ಮಾಡಲೇಬೇಕೆಂದರೆ ಹಳೆಯ ಪಟ್ಟಿಯಿಂದ ಮೂರು ಮಾತು ಕಲಿಯಬಹುದು.

ಒಂದು: ಕಲೆಕ್ಷನ್ನನ್ನು ನಂಬಬೇಡಿ. ಜನಪ್ರಿಯ ಚಿತ್ರಕ್ಕೆ ಬೇರೆಯೇ ಪ್ರಶಸ್ತಿ ಇದೆ. 'ಕಾಂತಾರ'ಕ್ಕೆ ಅದೂ ಬಂತು, ನಟನ ಪ್ರಶಸ್ತಿಯೂ ಬಂತು. ಅಂಥ ಜೋಡಿ ಅಪರೂಪ.

ಎರಡು: ನಟನ ಹೆಸರು ಮರೆತು ಪಾತ್ರದ ಹೆಸರು ನೆನಪಿಗೆ ಬರುವ ಚಿತ್ರದ ಕಡೆ ಕಣ್ಣಿಡಿ. ಚೋಮ, ತಬರ ಎನ್ನುತ್ತೇವೆಯೇ ಹೊರತು ನಟರ ಹೆಸರು ಎಷ್ಟು ಜನಕ್ಕೆ ಗೊತ್ತು?

ಮೂರು: "ಒಂದ್ಸಲ ಬಂದೋರಿಗೆ ಮತ್ತೆ ಬರಲ್ಲ" ಎಂಬುದು ಸುಳ್ಳು. ಅಮಿತಾಭ್ ಬಚ್ಚನ್‌ಗೆ ನಾಲ್ಕು ಸಲ, ಕಮಲ್ ಹಾಸನ್, ಮಮ್ಮೂಟಿ, ಅಜಯ್ ದೇವಗನ್‌ಗೆ ಮೂರು ಮೂರು ಸಲ ಬಂದಿದೆ. ಕನ್ನಡದ ನಟರಲ್ಲಿ ಮಾತ್ರ ಎರಡು ಸಲ ಪಡೆದವರ ದಾಖಲೆ ಪಟ್ಟಿಯಲ್ಲಿ ಕಾಣದು. ಹಾಗಾಗಿ ಟೀ ಅಂಗಡಿಯ ಇಬ್ಬರ ವಾದದಲ್ಲೂ ತಲಾ ಎಂಟಾಣೆ ಸತ್ಯ ಇದೆ.

ದುಡ್ಡು ಮಾತ್ರ ಬೇಡ. ಬೆರಳೆಣಿಕೆಯ ಮಂದಿ ಬಾಗಿಲು ಹಾಕಿಕೊಂಡು ಮಾಡುವ ತೀರ್ಮಾನಕ್ಕೆ ವಾರದ ಸಂತೆ ದುಡ್ಡು ಸುರಿಯುವುದು ಜಾಣತನವಲ್ಲ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದೆ. ಹುಡುಗರು ಇದನ್ನು ತಲೆಯಲ್ಲಿಟ್ಟುಕೊಂಡರೆ ಒಳ್ಳೆಯದು.

ಬಂದ ಚಿತ್ರವನ್ನು ನಮಗೂ ತೋರಿಸಿ

ಕೇಳಬೇಕಾದ ನಿಜವಾದ ಪ್ರಶ್ನೆ ಬೇರೆಯೇ ಇದೆ. ಯಾರಿಗೆ ಬರುತ್ತದೆ ಎಂದು ಜಗಳಾಡುವ ನಾವು, ಬಂದ ಮೇಲೆ ಆ ಚಿತ್ರ ನೋಡುತ್ತೇವೆಯೇ? ಶ್ರೇಷ್ಠ ಚಿತ್ರದ ಸ್ವರ್ಣ ಕಮಲ ಕನ್ನಡಕ್ಕೆ ಆರು ಸಲ ಬಂದಿದೆ - 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ', 'ತಾಯಿಸಾಹೇಬ', 'ದ್ವೀಪ'. ಕೊನೆಯ ನಾಲ್ಕೂ ಗಿರೀಶ್ ಕಾಸರವಳ್ಳಿ ಅವರವು. ಈ ಆರನ್ನೂ ನೋಡಿದವರು ಒಂದು ಬಸ್ಸಿನಲ್ಲಿ ಎಷ್ಟು ಮಂದಿ ಸಿಕ್ಕಾರು? ನೋಡಿಲ್ಲವೆಂದರೆ ಅದು ಜನರ ತಪ್ಪಲ್ಲ. ಇಂಥ ಚಿತ್ರಗಳು ತಾಲ್ಲೂಕು ಊರಿನ ಟಾಕೀಸಿಗೆ ಬರುವುದೇ ಕಷ್ಟ, ಬಂದರೂ ನಿಲ್ಲುವುದಿಲ್ಲ.

ಒಂದು ಕಾಲಕ್ಕೆ ದೂರದರ್ಶನದವರು ಭಾನುವಾರ ಮಧ್ಯಾಹ್ನ ಪ್ರಶಸ್ತಿ ಚಿತ್ರ ತೋರಿಸುತ್ತಿದ್ದರು. ಟಿ.ವಿ. ಇದ್ದ ಮನೆಯ ಪಡಸಾಲೆ ತುಂಬಿರುತ್ತಿತ್ತು. ವಾರ್ತಾ ಇಲಾಖೆಯ ವ್ಯಾನು ಹಳ್ಳಿಗೆ ಬಂದು ಬಿಳಿ ಪರದೆ ಕಟ್ಟುತ್ತಿತ್ತು. ಸರ್ಕಾರದ ದುಡ್ಡಲ್ಲಿ, ಅಂದರೆ ನಮ್ಮ ತೆರಿಗೆ ದುಡ್ಡಲ್ಲಿ, ಪ್ರಶಸ್ತಿ ಕೊಡುವವರು ವರ್ಷಕ್ಕೆ ನಾಲ್ಕು ದಿನ ಚಳ್ಳಕೆರೆಯಲ್ಲೂ ಮೊಳಕಾಲ್ಮೂರಿನಲ್ಲೂ ಆ ಚಿತ್ರಗಳನ್ನು ತೋರಿಸಿದರೆ ಖಜಾನೆ ಬರಿದಾಗದು. ತಾಲ್ಲೂಕು ಆಡಳಿತ, ವಾರ್ತಾ ಇಲಾಖೆ, ಚಲನಚಿತ್ರ ಅಕಾಡೆಮಿ ಮೂರೂ ಮನಸ್ಸು ಮಾಡಲಿ. ತ.ರಾ.ಸು. ಅವರ ತಳುಕಿನಿಂದಲೇ 'ಹಂಸಗೀತೆ'ಯೊಂದಿಗೆ ಶುರುಮಾಡಲಿ.

ಆಗ ನೋಡಿ, ಟೀ ಅಂಗಡಿಯ ಜ್ಯೋತಿಷಿಗಳ ಮಾತಿಗೂ ಒಂದು ತೂಕ ಬರುತ್ತದೆ. ನೋಡದೆ ಹೇಳಿದರೆ ಬೆಟ್ಟು, ನೋಡಿ ಹೇಳಿದರೆ ಅಭಿಪ್ರಾಯ.