ಕೋಣೆ ನಿಮ್ಮದು, ನೀರು ಎಲ್ಲರದು: ಜಪಾನಿನ ಪುಟ್ಟ ಆನ್ಸೆನ್ ವಸತಿಗೃಹದಲ್ಲಿ ಒಂದು ರಾತ್ರಿ



ಜಪಾನ್ ಟ್ರಿಪ್ ಪ್ಲಾನ್ ಮಾಡೋರ ಲಿಸ್ಟ್‌ನಲ್ಲಿ ಈಗ ಒಂದು ಐಟಂ ಖಾಯಂ ಆಗಿಬಿಟ್ಟಿದೆ. ಒಂದು ರಾತ್ರಿ ರಿಯೋಕಾನ್‌ನಲ್ಲಿ ಇರ್ಬೇಕು, ಆನ್ಸೆನ್‌ನಲ್ಲಿ ಸ್ನಾನ ಮಾಡ್ಬೇಕು. ಹಿಮ ಬೀಳ್ತಾ ಇರೋವಾಗ ಹೊಗೆಯಾಡೋ ನೀರಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತಿರೋ ರೀಲ್ಸ್ ನೀವೂ ನೋಡಿರ್ತೀರಿ. ಆದ್ರೆ ಬುಕಿಂಗ್ ಪೇಜ್ ತೆಗೆದ ಕೂಡಲೇ ಪ್ರಶ್ನೆಗಳು ಶುರು. ಅಪರಿಚಿತರ ಜೊತೆ ಬಟ್ಟೆ ಇಲ್ಲದೆ ಸ್ನಾನನಾ? ಸಂಜೆ ಆರಕ್ಕೇ ಯಾಕೆ ಊಟ? ವೆಜ್ ಸಿಗುತ್ತಾ? ರೇಟು ಕೋಣೆಗಲ್ಲ, ತಲೆಗೆ ಇಷ್ಟು ಅಂತ ಯಾಕಿದೆ?

ಇವೆಲ್ಲ ಬಿಡಿಬಿಡಿ ನಿಯಮಗಳ ಥರ ಕಾಣುತ್ವೆ. ಆದರೆ ಹಿಂದೆ ಇರೋದು ಎರಡೇ ವಿಷಯ. ಅಲ್ಲಿ ನೀರನ್ನ ಎಲ್ಲರೂ ಹಂಚಿಕೊಳ್ತಾರೆ, ಅಡುಗೆಯನ್ನ ತಲೆ ಎಣಿಸಿ ಮಾಡ್ತಾರೆ. ಇವೆರಡು ಅರ್ಥ ಆದ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ.

ಮೊದಲು ಎರಡು ಪದ

ರಿಯೋಕಾನ್ ಅಂದ್ರೆ ಜಪಾನಿನ ಸಾಂಪ್ರದಾಯಿಕ ವಸತಿಗೃಹ. ಚಾಪೆ ಹಾಸಿದ ಕೋಣೆ, ನೆಲದ ಮೇಲೆ ಹಾಸಿಗೆ, ರಾತ್ರಿ ಊಟ ಮತ್ತು ಬೆಳಗಿನ ತಿಂಡಿ ಅದರಲ್ಲೇ ಸೇರಿರುತ್ತೆ. ಚಿಕ್ಕವುಗಳಲ್ಲಿ ಹತ್ತು ಹನ್ನೆರಡು ಕೋಣೆ ಇದ್ರೆ ಹೆಚ್ಚು, ಬಹಳಷ್ಟನ್ನ ಒಂದು ಕುಟುಂಬವೇ ನಡೆಸುತ್ತೆ. ಅತಿಥಿಗಳನ್ನ ನೋಡಿಕೊಳ್ಳೋ ಯಜಮಾನಿಗೆ ‘ಒಕಾಮಿ’ ಅಂತಾರೆ.

ಆನ್ಸೆನ್ ಅಂದ್ರೆ ಬಿಸಿನೀರಿನ ಬುಗ್ಗೆ. ಇದಕ್ಕೆ ಜಪಾನ್‌ನಲ್ಲಿ 1948ರಿಂದ ಒಂದು ಕಾನೂನೇ ಇದೆ. ನೆಲದಿಂದ ಬರೋ ನೀರು ಕನಿಷ್ಠ 25 ಡಿಗ್ರಿ ಸೆಲ್ಸಿಯಸ್ ಇರಬೇಕು, ಇಲ್ಲವೇ ಪಟ್ಟಿ ಮಾಡಿರೋ 19 ಪದಾರ್ಥಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿ ಇರಬೇಕು. ಬಾಯ್ಲರ್‌ನಲ್ಲಿ ಕಾಯಿಸಿದ ಮಾಮೂಲಿ ನೀರನ್ನ ಆನ್ಸೆನ್ ಅಂತ ಕರೆಯೋ ಹಾಗಿಲ್ಲ.

ಈ ವ್ಯವಹಾರ ಎಷ್ಟು ಹಳೇದು ಅಂದ್ರೆ, ಯಮನಾಶಿ ಪ್ರಾಂತದ ನಿಶಿಯಾಮಾ ಆನ್ಸೆನ್ ಕೇಉನ್‌ಕಾನ್ ಶುರುವಾಗಿದ್ದು ಕ್ರಿ.ಶ. 705ರಲ್ಲಿ ಅಂತ ಹೇಳ್ತಾರೆ. ಪ್ರಪಂಚದ ಅತ್ಯಂತ ಹಳೆಯ ಹೋಟೆಲ್ ಅಂತ ಗಿನ್ನಿಸ್ ಅದನ್ನ ಗುರುತಿಸಿದೆ.

ನೀರಿಗಾಗಿ ಕೋರ್ಟ್ ಮೆಟ್ಟಿಲೇರಿದ ಊರು

ನೀರು ಹಂಚಿಕೊಳ್ಳೋದು ಅಂದ್ರೆ ಏನು ಅಂತ ತಿಳಿಯೋಕೆ ಕಿನೊಸಾಕಿ ಅನ್ನೋ ಊರನ್ನ ನೋಡಿ. ಹ್ಯೋಗೊ ಪ್ರಾಂತದಲ್ಲಿದೆ, ಕ್ಯೋಟೊದಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ನಡುವೆ ಸಣ್ಣ ಹೊಳೆ, ದಡದಲ್ಲಿ ವಿಲ್ಲೋ ಮರಗಳು, ಅಲ್ಲಲ್ಲಿ ಒಟ್ಟು ಏಳು ಸಾರ್ವಜನಿಕ ಸ್ನಾನಗೃಹಗಳು. ಸಂಜೆಯಾದ್ರೆ ಅತಿಥಿಗಳು ಯುಕಾತಾ ಅನ್ನೋ ಹತ್ತಿ ನಿಲುವಂಗಿ ತೊಟ್ಟು, ಮರದ ಚಪ್ಪಲಿ ಟಕಟಕ ಅನ್ನಿಸ್ತಾ ಒಂದರಿಂದ ಇನ್ನೊಂದಕ್ಕೆ ಹೋಗ್ತಾರೆ. ಊರಿನವರ ಲೆಕ್ಕದಲ್ಲಿ ಇಡೀ ಊರೇ ಒಂದು ವಸತಿಗೃಹ. ಸ್ಟೇಷನ್ ಅದರ ಬಾಗಿಲು, ಬೀದಿ ಅದರ ಪಡಸಾಲೆ, ಹೋಟೆಲುಗಳು ಅದರ ಕೋಣೆಗಳು.

1925ರ ಭೂಕಂಪ, ಜೊತೆಗೆ ಬಂದ ಬೆಂಕಿ ಈ ಊರನ್ನ ನಾಶ ಮಾಡಿತು. ಮತ್ತೆ ಕಟ್ಟೋ ಹೊತ್ತಲ್ಲಿ, 1927ರಲ್ಲಿ, ಒಂದು ವಸತಿಗೃಹ ತನ್ನ ಜಾಗದಲ್ಲಿ ಸಿಕ್ಕ ಬಿಸಿನೀರಿನಿಂದ ತನ್ನದೇ ಸ್ನಾನದ ತೊಟ್ಟಿ ಮಾಡ್ಕೊಳ್ತು. ಊರಿನವರು ಒಪ್ಪಲಿಲ್ಲ. ಎಲ್ಲರೂ ಒಳಗೇ ಸ್ನಾನ ಮಾಡಿದ್ರೆ ಸಾರ್ವಜನಿಕ ಸ್ನಾನಗೃಹಗಳ ಗತಿ ಏನು? ಅಂಗಡಿ ಬೀದಿಗೆ ಯಾರು ಬರ್ತಾರೆ? ಹೀಗೆ ಶುರುವಾದ ಕೇಸು ಇಪ್ಪತ್ತು ವರ್ಷಕ್ಕೂ ಹೆಚ್ಚು ಎಳೆದು 1950ರಲ್ಲಿ ರಾಜಿಯಾಯ್ತು. ವಸತಿಗೃಹಗಳು ಒಳಗೆ ತೊಟ್ಟಿ ಇಟ್ಕೋಬಹುದು, ಆದ್ರೆ ಗಾತ್ರಕ್ಕೆ ಮಿತಿ ಇರುತ್ತೆ. ಬಿಸಿನೀರನ್ನ ಊರು ಒಟ್ಟಾಗಿ ನೋಡ್ಕೊಳ್ಳುತ್ತೆ.

ಹಾಗಾಗಿ ಅಲ್ಲಿನ ರಿಯೋಕಾನ್‌ಗಳ ಒಳಗಿನ ತೊಟ್ಟಿ ಚಿಕ್ಕದಿದ್ರೆ ಅದು ಜಿಪುಣತನ ಅಲ್ಲ, ಊರಿನ ಒಪ್ಪಂದ. ರಾತ್ರಿ ತಂಗಿದವರಿಗೆ ಸಾರ್ವಜನಿಕ ಸ್ನಾನಗೃಹಗಳ ಪಾಸ್ ಸಿಗುತ್ತೆ, ಬೇರೆ ದುಡ್ಡು ಕೊಡಬೇಕಿಲ್ಲ.

ಒಳಗೆ ಹೋದ ಮೇಲೆ

ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ ಮೂರರ ನಂತರ. ಶೂ ಬಾಗಿಲಲ್ಲೇ ಬಿಡಿ, ಒಳಗೆ ಸ್ಲಿಪ್ಪರ್ ಕೊಡ್ತಾರೆ. ಚಾಪೆ ಅಂದ್ರೆ ತತಾಮಿ ಮೇಲೆ ಸ್ಲಿಪ್ಪರ್ ಕೂಡ ಬೇಡ. ಟಾಯ್ಲೆಟ್‌ಗೆ ಬೇರೆ ಸ್ಲಿಪ್ಪರ್ ಇರುತ್ತೆ, ಅದನ್ನ ಅಲ್ಲೇ ಬಿಟ್ಟು ಬನ್ನಿ. ಪಾಸ್‌ಪೋರ್ಟ್ ಕೇಳ್ತಾರೆ, ವಿದೇಶಿ ಪ್ರವಾಸಿಗರಿಗೆ ಅದು ನಿಯಮ.

ಯುಕಾತಾ ಹಾಕೋವಾಗ ಒಂದು ಮಾತು ನೆನಪಿಡಿ. ಎಡಗಡೆ ಅಂಚು ಮೇಲೆ ಬರಬೇಕು. ಬಲಗಡೆ ಮೇಲೆ ಬರೋ ಹಾಗೆ ಅಲ್ಲಿ ಹೆಣಕ್ಕೆ ಉಡಿಸ್ತಾರೆ.

ಊಟ ಆರು ಅಥವಾ ಆರೂವರೆಗೆ. ಒಂದೊಂದೇ ಐಟಂ ಆಗಾಗ ಮಾಡಿ ತರ್ತಾರೆ, ಅಡುಗೆಮನೆಯಲ್ಲಿ ಇರೋದು ಇಬ್ಬರೋ ಮೂವರೋ. ನೀವು ಉಣ್ಣೋ ಹೊತ್ತಲ್ಲಿ ಕೋಣೆಯಲ್ಲಿ ಹಾಸಿಗೆ ಹಾಸೋ ಪದ್ಧತಿ ಹಲವು ಕಡೆ ಇದೆ. ನೀವು ಎಂಟಕ್ಕೆ ಬಂದ್ರೆ ಆ ಮನೆಯ ಗಡಿಯಾರವೇ ತಪ್ಪಿಹೋಗುತ್ತೆ. ರೈಲು ಲೇಟಾದ್ರೆ ಒಂದು ಫೋನ್ ಮಾಡಿ.

ಸ್ನಾನ: ಮುಜುಗರದ ವಿಷಯ ಮಾತಾಡೋಣ

ಹೌದು, ಬಟ್ಟೆ ಇಲ್ಲದೆಯೇ. ಈಜುಡುಗೆ ಬಹುತೇಕ ಕಡೆ ನಡೆಯಲ್ಲ. ಆದ್ರೆ ಗಂಡಸರಿಗೆ, ಹೆಂಗಸರಿಗೆ ಸಾಮಾನ್ಯವಾಗಿ ಬೇರೆ ಬೇರೆ ತೊಟ್ಟಿ. ನೀಲಿ ಪರದೆ ಗಂಡಸರಿಗೆ, ಕೆಂಪು ಹೆಂಗಸರಿಗೆ ಅನ್ನೋದು ರೂಢಿ. ಕೆಲವು ಕಡೆ ರಾತ್ರಿ ಕಳೆದ ಮೇಲೆ ಎರಡನ್ನೂ ಅದಲು ಬದಲು ಮಾಡ್ತಾರೆ, ಹಾಗಾಗಿ ಬೆಳಿಗ್ಗೆ ಎದ್ದು ನಿದ್ದೆಗಣ್ಣಲ್ಲಿ ನುಗ್ಗಬೇಡಿ, ಪರದೆ ನೋಡಿ.

ಮುಖ್ಯ ವಿಷಯ ಏನಂದ್ರೆ, ಅಲ್ಲಿ ತೊಟ್ಟಿ ಇರೋದು ಮೈ ತೊಳೆಯೋಕಲ್ಲ. ಮೊದಲು ಪಕ್ಕದಲ್ಲಿ ಚಿಕ್ಕ ಸ್ಟೂಲ್ ಮೇಲೆ ಕೂತು, ಸೋಪು ಹಚ್ಚಿ, ನೊರೆ ಪೂರ್ತಿ ಹೋಗೋ ಹಾಗೆ ತೊಳ್ಕೊಳ್ಳಿ. ಬಚ್ಚಲುಮನೆಯಲ್ಲಿ ಮಣೆ ಮೇಲೆ ಕೂತು ಚೊಂಬಲ್ಲಿ ನೀರು ಹುಯ್ಕೊಂಡು ಬೆಳೆದವರಿಗೆ ಇದನ್ನ ಕಲಿಸಬೇಕಾಗಿಲ್ಲ. ಆಮೇಲೆ ತೊಟ್ಟಿಗೆ ಇಳಿಯಿರಿ. ಉದ್ದ ಕೂದಲು ಕಟ್ಟಿ, ಚಿಕ್ಕ ಟವೆಲ್ ನೀರಿಗೆ ತಾಗಿಸಬೇಡಿ, ಮಡಚಿ ತಲೆ ಮೇಲೆ ಇಟ್ಕೊಳ್ಳಿ. ಪೀರಿಯಡ್ಸ್ ಇದ್ದಾಗ ಹಂಚಿಕೊಂಡ ತೊಟ್ಟಿಗೆ ಇಳಿಯದೇ ಇರೋದು ಅಲ್ಲಿನ ರೂಢಿ. ಇದೆಲ್ಲ ಯಾಕೆ? ನಿಮ್ಮ ನಂತರ ಇನ್ನೊಬ್ಬರು ಅದೇ ನೀರಿಗೆ ಇಳೀತಾರೆ.

ಮೊಬೈಲ್ ಕೋಣೆಯಲ್ಲೇ ಇರಲಿ, ಸ್ನಾನದ ಜಾಗದಲ್ಲಿ ಕ್ಯಾಮೆರಾ ನಿಷಿದ್ಧ. ಬೆಳ್ಳಿ ಕಾಲುಂಗುರ, ಉಡುದಾರ ಇದ್ರೆ ತೆಗೆದಿಡಿ, ಗಂಧಕದ ನೀರಲ್ಲಿ ಬೆಳ್ಳಿ ಕಪ್ಪಾಗುತ್ತೆ. ನೀರು ಸುಮಾರು 40ರಿಂದ 42 ಡಿಗ್ರಿ ಇರುತ್ತೆ. ಮೊದಲ ಸಲ ಐದು ಹತ್ತು ನಿಮಿಷ ಸಾಕು, ತಲೆ ಸುತ್ತಿದ್ರೆ ನಿಧಾನವಾಗಿ ಎದ್ದು ಬನ್ನಿ. ಕುಡಿದು ಇಳಿಯಲೇಬೇಡಿ.

ಟ್ಯಾಟೂ ಇದೆಯಾ? ಯಾಕುಜಾ ಗ್ಯಾಂಗ್‌ಗಳ ನೆನಪಿನಿಂದ ಹಲವು ಆನ್ಸೆನ್‌ಗಳು ಇವತ್ತಿಗೂ ಬೇಡ ಅಂತಾವೆ. ಕಿನೊಸಾಕಿಯ ಸಾರ್ವಜನಿಕ ಸ್ನಾನಗೃಹಗಳಲ್ಲಿ ಅಡ್ಡಿ ಇಲ್ಲ. ಬೇರೆ ಕಡೆ ಮೊದಲೇ ಕೇಳಿ. ಟ್ಯಾಟೂ ಇರಲಿ, ಮುಜುಗರ ಇರಲಿ, ‘ಕಾಶಿಕಿರಿ’ ಅಂತ ಹುಡುಕಿ. ಅಂದ್ರೆ ಒಂದಷ್ಟು ಹೊತ್ತು ನಿಮಗೇ ಅಂತ ಕಾದಿರಿಸೋ ತೊಟ್ಟಿ.

ವೆಜ್ ಊಟ: ‘ಫಿಶ್ ಬೇಡ’ ಅಂದ್ರೆ ಸಾಲಲ್ಲ

ಜಪಾನಿ ಅಡುಗೆಯ ಬುನಾದಿ ‘ದಾಶಿ’ ಅನ್ನೋ ತಿಳಿಸಾರು. ಅದನ್ನ ಹೆಚ್ಚಾಗಿ ಒಣಗಿಸಿದ ಬೊನಿಟೊ ಮೀನಿನ ತೆಳು ಚೂರುಗಳಿಂದ ಮಾಡ್ತಾರೆ. ತಟ್ಟೆಯಲ್ಲಿ ಬರೀ ತರಕಾರಿ, ತೋಫು ಕಂಡ್ರೂ ಬೇಯಿಸಿದ್ದು ದಾಶಿಯಲ್ಲಿ ಆಗಿರಬಹುದು. ಮಿಸೊ ಸೂಪ್‌ನಲ್ಲೂ ಅದೇ. ಅದಕ್ಕೇ ಬುಕ್ ಮಾಡೋವಾಗಲೇ ಸ್ಪಷ್ಟವಾಗಿ ಬರೀರಿ: ಮಾಂಸ, ಮೀನು, ಮೊಟ್ಟೆ ತಿನ್ನುತ್ತೀರೋ ಇಲ್ಲವೋ, ಮೀನಿನ ದಾಶಿ ನಡೆಯುತ್ತೋ ಇಲ್ಲವೋ. ಕೊಂಬು ಅನ್ನೋ ಕಡಲ ಪಾಚಿಯಿಂದ, ಶಿಟಾಕೆ ಅಣಬೆಯಿಂದಲೂ ದಾಶಿ ಮಾಡಬಹುದು, ಆದ್ರೆ ಅವರಿಗೆ ಮೊದಲೇ ಗೊತ್ತಾಗ್ಬೇಕು. ಕೆಲವು ಪುಟ್ಟ ರಿಯೋಕಾನ್‌ಗಳು ಆಗಲ್ಲ ಅಂತ ನೇರವಾಗಿ ಹೇಳ್ತವೆ. ಬೇಜಾರು ಬೇಡ, ಹೇಳಿದ್ದೇ ಒಳ್ಳೇದು.

ಆಗ ಎರಡು ದಾರಿ ಇದೆ. ಊಟ ಇಲ್ಲದ ‘ಸುದೊಮಾರಿ’ ಪ್ಲಾನ್ ತಗೊಳ್ಳಿ, ಆದ್ರೆ ಸಣ್ಣ ಊರುಗಳಲ್ಲಿ ಹೋಟೆಲುಗಳು ಬೇಗ ಮುಚ್ಚೋದ್ರಿಂದ ಊಟ ಜೊತೆಗೇ ಇರಲಿ. ಇಲ್ಲಾಂದ್ರೆ ವಾಕಾಯಾಮಾ ಪ್ರಾಂತದ ಕೋಯಾಸಾನ್‌ನಂಥ ಕಡೆ ಬೌದ್ಧ ಮಠಗಳಲ್ಲಿ ತಂಗಿ. ಅಲ್ಲಿನ ‘ಶೋಜಿನ್’ ಊಟದಲ್ಲಿ ಮಾಂಸ, ಮೀನು ಎರಡೂ ಇರಲ್ಲ.

ದುಡ್ಡಿನ ಲೆಕ್ಕ, ಕೊನೆಗೆ ಒಂದು ಮಾತು

ಎರಡು ಊಟ ಸೇರಿ ಒಬ್ಬರಿಗೆ 15,000 ಯೆನ್ ಆಸುಪಾಸಿನಿಂದ ಶುರು ಅಂದ್ಕೊಳ್ಳಿ. ಒಳ್ಳೆಯ ಜಾಗದಲ್ಲಿ, ಒಳ್ಳೆಯ ಸೀಸನ್‌ನಲ್ಲಿ ಇದರ ಎರಡರಷ್ಟು ಆಗೋದು ಮಾಮೂಲು. ಜೊತೆಗೆ ಬಿಸಿನೀರ ಸ್ನಾನಕ್ಕೆ ಒಂದು ಸಣ್ಣ ತೆರಿಗೆ, ಹೆಚ್ಚಿನ ಕಡೆ 150 ಯೆನ್. ಟಿಪ್ಸ್ ಕೊಡಬೇಕಿಲ್ಲ.

ನಾವು ಆ್ಯಪ್‌ನಲ್ಲಿ ನಾಲ್ಕು ಕಡೆ ಬುಕ್ ಮಾಡಿ, ಕೊನೆ ದಿನ ಮೂರನ್ನ ಕ್ಯಾನ್ಸಲ್ ಮಾಡೋ ಅಭ್ಯಾಸದವರು. ದೊಡ್ಡ ಹೋಟೆಲ್ ತಡ್ಕೊಳ್ಳುತ್ತೆ. ಹತ್ತು ಕೋಣೆಯ ಮನೆಯಲ್ಲಿ ನಿಮ್ಮ ಹೆಸರಲ್ಲಿ ಬೆಳಿಗ್ಗೆಯೇ ತರಕಾರಿ, ಮೀನು ತಂದಿರ್ತಾರೆ. ಅದಕ್ಕೇ ಅದೇ ದಿನ ಕ್ಯಾನ್ಸಲ್ ಮಾಡಿದ್ರೆ ಪೂರ್ತಿ ದುಡ್ಡು ಕೇಳೋದು. ಇಂಥ ಮನೆಗಳಲ್ಲಿ ಎಷ್ಟೋ ಕಡೆ ನಡೆಸೋರಿಗೆ ವಯಸ್ಸಾಗಿದೆ, ಮಕ್ಕಳು ಸಿಟಿಯಲ್ಲಿದ್ದಾರೆ, ಮುಂದೆ ನೋಡ್ಕೊಳ್ಳೋರಿಲ್ಲದೆ ಬಾಗಿಲು ಹಾಕ್ತಾ ಇದ್ದಾರೆ. ಹೋಗೋದು ಖಚಿತ ಇದ್ರೆ ಮಾತ್ರ ಬುಕ್ ಮಾಡಿ. ಬುಕ್ ಮಾಡಿದ್ರೆ ಊಟದ ಹೊತ್ತಿಗೆ ಅಲ್ಲಿರಿ. ಇಷ್ಟು ಮಾಡಿದ್ರೆ ನೀವು ಒಳ್ಳೆ ಅತಿಥಿ, ಜಪಾನಿ ಭಾಷೆ ಒಂದಕ್ಷರ ಬರದೇ ಇದ್ರೂ.