ಪರವಲಯದ ಜ್ಯಾ ಮತ್ತು ಅದರ ಪ್ರವಣತೆ

ಚಲಿಸುವ ವಸ್ತುವೊಂದು ಕ್ರಮಿಸಿದ ದೂರವನ್ನು ಕಾಲದಿಂದ ಭಾಗಿಸಿ, ದೊರೆತ ಸರಾಸರಿ ವೇಗವನ್ನೇ ಆ ಅವಧಿಯ ಮಧ್ಯಕ್ಷಣದ ವೇಗವೆಂದು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಬರೆದುಕೊಳ್ಳುವುದುಂಟು. ಹೀಗೆ ಬರೆಯಲು ಆಧಾರವೇನು? ಉತ್ತರವು ಪರವಲಯದ ಒಂದು ಸರಳ ಗುಣದಲ್ಲಿ ಅಡಗಿದೆ.

ವಕ್ರರೇಖೆಯ ಎರಡು ಬಿಂದುಗಳನ್ನು ಸೇರಿಸುವ ಸರಳರೇಖೆಯೇ ಜ್ಯಾ. ಅದರ ಏರಿಕೆಯನ್ನು ಅಡ್ಡ ಅಂತರದಿಂದ ಭಾಗಿಸಿದಾಗ ಬರುವುದು ಪ್ರವಣತೆ, ಅಂದರೆ ಇಳಿಜಾರಿನ ಪ್ರಮಾಣ. ರ = ಕಯ² + ಖಯ + ಗ ಎಂಬ ಪರವಲಯದ ಮೇಲೆ ಯ = ಪ, ಯ = ಮ ಆಗಿರುವ ಎರಡು ಭಿನ್ನ ಬಿಂದುಗಳನ್ನು ತೆಗೆದುಕೊಳ್ಳೋಣ. ಏರಿಕೆಯು ಕ(ಮ² − ಪ²) + ಖ(ಮ − ಪ). ಇದನ್ನು (ಮ − ಪ) ಎಂಬುದರಿಂದ ಭಾಗಿಸಿದರೆ,

ಪ್ರವಣತೆ = ಕ(ಮ + ಪ) + ಖ.

ಮ ಎಂಬುದು ಪ ಎಂಬುದನ್ನು ಸಮೀಪಿಸಿದಂತೆ ಜ್ಯಾ ಸ್ಪರ್ಶರೇಖೆಯತ್ತ ಸಾಗುತ್ತದೆ. ಸ್ಪರ್ಶರೇಖೆಯ ಪ್ರವಣತೆ 2ಕಪ + ಖ. ಇಲ್ಲಿ ಪ ಇರುವಲ್ಲಿ ಸರಾಸರಿ ಬೆಲೆಯಾದ (ಮ + ಪ)/2 ಅನ್ನು ಇಟ್ಟರೆ ಮೇಲಿನ ಸೂತ್ರವೇ ಮರಳಿ ದೊರೆಯುತ್ತದೆ. ಆದುದರಿಂದ ಪರವಲಯದ ಯಾವುದೇ ಜ್ಯಾ, ಯ-ಬೆಲೆಗಳ ಮಧ್ಯದಲ್ಲಿರುವ ಬಿಂದುವಿನ ಸ್ಪರ್ಶರೇಖೆಗೆ ಸಮಾಂತರವಾಗಿರುತ್ತದೆ.

ಉದಾಹರಣೆಗೆ, ರ = ಯ² ಎಂಬಲ್ಲಿ (1, 1), (3, 9) ಬಿಂದುಗಳ ಜ್ಯಾದ ಪ್ರವಣತೆ 8/2 = 4. (−1, 1), (5, 25) ಬಿಂದುಗಳ ಜ್ಯಾಕ್ಕೂ 24/6 = 4. ಯ = 2 ಆದಲ್ಲಿನ ಸ್ಪರ್ಶರೇಖೆಯ ಪ್ರವಣತೆಯೂ 4. ಸಮಾಂತರ ಜ್ಯಾಗಳ ಮಧ್ಯಬಿಂದುಗಳೆಲ್ಲ ಅಕ್ಷಕ್ಕೆ ಸಮಾಂತರವಾದ ಒಂದೇ ರೇಖೆಯ ಮೇಲಿರುತ್ತವೆ. ಕ್ರಿ. ಪೂ. ಮೂರನೆಯ ಶತಮಾನದಲ್ಲಿ ಆರ್ಕಿಮಿಡೀಸನು ಈ ಗುಣವನ್ನು ಆಧರಿಸಿಯೇ, ಜ್ಯಾ ಕತ್ತರಿಸಿದ ಪರವಲಯಖಂಡದ ಕ್ಷೇತ್ರಫಲವು ಅದರೊಳಗೆ ರಚಿಸಿದ ತ್ರಿಕೋನದ 4/3 ರಷ್ಟೆಂದು ಸಾಧಿಸಿದನು.

ಬೀಳುವ ವಸ್ತುವು ಕ್ರಮಿಸುವ ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿದೆಯೆಂದು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನಿರೂಪಿಸಿದ್ದಾನೆ. ಗಾಳಿಯ ತಡೆಯನ್ನು ಗಣಿಸದಿದ್ದರೆ, ನಿಶ್ಚಲ ಸ್ಥಿತಿಯಿಂದ ಬಿದ್ದ ವಸ್ತುವು ಮೊದಲನೆಯ ಸೆಕೆಂಡಿನ ಕೊನೆಯಿಂದ ಮೂರನೆಯದರ ಕೊನೆಯವರೆಗೆ 4.9 × 8 = 39.2 ಮೀಟರು ಇಳಿಯುತ್ತದೆ. ಸರಾಸರಿ ವೇಗ ಸೆಕೆಂಡಿಗೆ 19.6 ಮೀಟರು, ಎರಡನೆಯ ಸೆಕೆಂಡಿನ ಕೊನೆಯ ವೇಗವೂ ಅಷ್ಟೇ.

ಆದರೆ ಈ ಸೌಲಭ್ಯವನ್ನು ಎಲ್ಲ ವಕ್ರರೇಖೆಗಳಿಗೂ ವಿಸ್ತರಿಸಲಾಗದು. ರ = ಯ³ ಎಂಬಲ್ಲಿ 0 ಮತ್ತು 2ರ ನಡುವಣ ಜ್ಯಾದ ಪ್ರವಣತೆ 4; ಮಧ್ಯದಲ್ಲಿ, ಯ = 1 ಆದಾಗ, ಸ್ಪರ್ಶರೇಖೆಯದು 3 ಮಾತ್ರ. ವೇಗೋತ್ಕರ್ಷವು ಸ್ಥಿರವಾಗಿರುವಾಗ ವಿದ್ಯಾರ್ಥಿಯ ಬರಹ ನಿಖರವಾದುದು. ಇಲ್ಲವಾದರೆ ಅದು ಅಂದಾಜು ಮಾತ್ರ. ಸೂತ್ರವನ್ನು ಕಲಿಸುವಾಗ ಅದರ ಮೇರೆಯನ್ನೂ ತೋರಿಸಿಕೊಡುವುದು ಅಧ್ಯಾಪಕರ ಕರ್ತವ್ಯ.