ಹಲ್ವಾ, ಪಾಪ್ಲೇಟ್, ರೂಪಚಂದ್: ಹೆಸರು ಕೇಳಿ ರೊಕ್ಕ ಬಿಚ್ಚಬೇಡಿ

ಉಮರ್ಗಾದಲ್ಲಿ ‘ಹಲ್ವಾ ಎಲ್ಲಿ ಸಿಗತದ್ರಿ?’ ಎಂದು ಕೇಳಿದರೆ ಜನ ಮಿಠಾಯಿ ಅಂಗಡಿಯ ಕಡೆಗೇ ಕೈ ತೋರಿಸುತ್ತಾರೆ. ಮುಂಬಯಿಯಲ್ಲಿ ದುಡಿದು ಬಂದವರು ಮಾತ್ರ ಮೀನಿನ ಪೇಟೆ ನೆನೆಸಿಕೊಳ್ಳುತ್ತಾರೆ. ಮರಾಠಿಯ ಈ ಹಲ್ವಾವೇ ಮಂಗಳೂರು ಕಡೆಯ ಕಪ್ಪು ಮಾಂಜಿ, ಇಂಗ್ಲಿಷಿನ ಬ್ಲ್ಯಾಕ್ ಪಾಂಫ್ರೆಟ್. ಹೆಸರಿನಲ್ಲಿ ಪಾಂಫ್ರೆಟ್ ಇದ್ದರೂ ಅದು ಪಾಂಫ್ರೆಟ್ ಅಲ್ಲ.

1795ರಲ್ಲಿ ಜರ್ಮನಿಯ ಬ್ಲಾಕ್ ಎಂಬ ಪಂಡಿತ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟಾಗ ಪಾಂಫ್ರೆಟ್ ಜತೆಗೇ ಸೇರಿಸಿದ್ದ. ಮುಂದೆ ಮೈಕಟ್ಟು ಪರೀಕ್ಷಿಸಿದವರು ಇದನ್ನು ಟ್ರೆವಲಿ ಕುಟುಂಬಕ್ಕೆ ಸೇರಿಸಿದರು. ತಮಿಳರು ‘ಪಾರೈ’ ಎಂದು, ಮಲಯಾಳಿಗಳು ‘ವಟ್ಟ’ ಎಂದು ಕರೆಯುವ ಮೀನುಗಳ ಬಳಗ ಅದು. ಬೆಚ್ಚನೆಯ ಸಮುದ್ರಗಳಲ್ಲಿ ಸುಮಾರು 150 ಜಾತಿಗಳಿವೆ. ಎಪ್ಪತ್ತು ಕಿಲೋ ದಾಟುವ ದೈತ್ಯ ಟ್ರೆವಲಿಯೂ ಅದೇ ಮನೆತನದ್ದು. 2023ರಲ್ಲಿ ಮಹಾರಾಷ್ಟ್ರ ಸರಕಾರ ರಾಜ್ಯಮೀನು ಎಂದು ಸಾರಿದ ಬೆಳ್ಳಿಬಣ್ಣದ ಪಾಪ್ಲೇಟ್ ಬೇರೆಯೇ ಕುಟುಂಬದ್ದು. ರುಚಿಯಲ್ಲಿ ಹಲ್ವಾ ಕಡಿಮೆಯೇನಲ್ಲ (ನನಗಂತೂ ಅದೇ ಇಷ್ಟ), ಆದರೆ ಪೇಟೆಯಲ್ಲಿ ಪಾಪ್ಲೇಟಿನ ದರ ಅದಕ್ಕಿಲ್ಲ.

ಇಷ್ಟೇ ಆಗಿದ್ದರೆ ಪಂಡಿತರ ಜಗಳ ಎಂದು ಬಿಡಬಹುದಿತ್ತು. ಉಮರ್ಗಾ, ನಿಲಂಗಾ, ಉದಗೀರಗಳಿಂದ ನೇರ ಗೆರೆ ಎಳೆದರೂ ಪಶ್ಚಿಮದ ಸಮುದ್ರ ಮುನ್ನೂರು ಕಿಲೋಮೀಟರಿಗೂ ಆಚೆ. ನಮ್ಮಲ್ಲಿ ಮೀನ ಅಂದರೆ ತೇರಣಾ, ಮಾಂಜ್ರಾ ನದಿಯದು, ಕೆರೆಯ ಕಟ್ಲಾ, ರೋಹು. ಸಮುದ್ರದ ಮೀನಿನ ಗುರುತು ನಮಗೆ ಕಡಿಮೆ. ಆ ಸಂದಿನಲ್ಲೇ ನುಸುಳಿರುವುದು ರೂಪಚಂದ್. ದಕ್ಷಿಣ ಅಮೆರಿಕದ ನದಿಗಳ ಪಾಕು ಎಂಬ ಮೀನು ಇದು. ಬಾಂಗ್ಲಾದೇಶದ ದಾರಿಯಿಂದ ನಮ್ಮ ಹೊಂಡಗಳಿಗೆ ಬಂತು. ಆಕಾರ ಅಗಲ, ಚಪ್ಪಟೆ. ಒಳನಾಡಿನ ಎಷ್ಟೋ ಪೇಟೆಗಳಲ್ಲಿ ಇದನ್ನೇ ‘ಪಾಂಫ್ರೆಟ್’ ಎಂದು ಕೂಗಿ ಮಾರುತ್ತಾರೆ.

ಗುರುತಿಸುವುದು ಕಷ್ಟವಿಲ್ಲ. ಬಾಯಿ ಬಿಚ್ಚಿ ನೋಡಿ: ರೂಪಚಂದಿಗೆ ಮನುಷ್ಯರ ಹಲ್ಲಿನಂಥ ಗಟ್ಟಿ ಹಲ್ಲು. ಬೆನ್ನಿನ ಈಜುರೆಕ್ಕೆಗೂ ಬಾಲಕ್ಕೂ ನಡುವೆ ಚಿಕ್ಕದೊಂದು ಮಾಂಸದ ರೆಕ್ಕೆ. ಹೊಟ್ಟೆಯ ಕೆಳಗೆ ಜೋಡಿ ರೆಕ್ಕೆ. ಪಾಪ್ಲೇಟಿಗಾಗಲಿ ಬೆಳೆದ ಹಲ್ವಾಕ್ಕಾಗಲಿ ಹೊಟ್ಟೆಯ ಆ ಜೋಡಿ ಇರುವುದಿಲ್ಲ. ಇನ್ನು ಹಲ್ವಾದ ಬಾಲದ ಬುಡದಲ್ಲಿ ಬೆರಳಾಡಿಸಿದರೆ ಸಾಲಾಗಿ ಗಡಸು ಹುರುಪೆ ತಾಗುತ್ತವೆ. ಅದು ಟ್ರೆವಲಿ ಮನೆತನದ ಗುರುತು, ಪಾಪ್ಲೇಟಿಗೆ ಅದಿಲ್ಲ. ಕಡಿದು ತುಂಡು ಮಾಡಿದ ಮೇಲೆ ಯಾವ ಪರೀಕ್ಷೆಯೂ ನಡೆಯದು. ‘ಕಾಕಾ, ಮೊದಲ ಇಡೀ ಮೀನ ತೋರಸ್ರಿ, ಆಮ್ಯಾಲ ಕಡೀರಿ’ ಅನ್ನಲು ನಾಚಿಕೆ ಬೇಡ.

ವ್ಯಾಪಾರಿಗಳಿಗೂ ಒಂದು ಮಾತು. ಟ್ರೆವಲಿ ಬಳಗದ ಹಲವು ಮೀನುಗಳು ಬರ್ಫ ತಪ್ಪಿದರೆ ಹಿಸ್ಟಮಿನ್ ಎಂಬ ಪದಾರ್ಥ ಕೂಡಿಸಿಕೊಳ್ಳುತ್ತವೆ. ತಿಂದವರ ಮುಖ ಕೆಂಪೇರಿ ಮೈ ಕಡಿಯುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಸೋಲಾಪುರ ದಾಟಿ ಬರುವ ಪೆಟ್ಟಿಗೆಯಲ್ಲಿ ಬರ್ಫ ಕರಗಿ ನೀರಾಗಿದ್ದರೆ ಆ ಮಾಲು ಬೇಡ.

ಪೇಟೆಯಲ್ಲಿ ಮೋಸ ಹೋದರೆ ಒಂದು ಊಟದ ಮಾತು. ಹೊಂಡದಲ್ಲಿ ಹಾಗಲ್ಲ. 2016ರಲ್ಲಿ ‘ಮಾಗೇಲ್ ತ್ಯಾಲಾ ಶೇತತಳೆ’ ಯೋಜನೆ ಬಂದ ಮೇಲೆ ಗಡಿಯ ಆಚೆ ಹೊಲಹೊಲದಲ್ಲಿ ಹೊಂಡಗಳಾದವು. ನಿಲಂಗಾ ಕಡೆಯ ರೈತಮಿತ್ರರೊಬ್ಬರು ನನ್ನನ್ನು ಕೇಳಿದರು: ‘ಅಣ್ಣಾರ, ಪಾಂಫ್ರೆಟ್ ಮರಿ ಕೊಡ್ತೀನಿ ಅಂತಾನ ಒಬ್ಬ. ಸಮುದ್ರದ ರೇಟ್ ಸಿಗತದಂತ. ಬಿಡ್ಲೇನ್ರಿ?’

ನಿಜವಾದ ಪಾಪ್ಲೇಟ್, ಹಲ್ವಾ ಎರಡೂ ಹೊಂಡದಲ್ಲಿ ಬದುಕುವ ಮೀನಲ್ಲ. ಗೊಂದಲಕ್ಕೆ ಕಾರಣವಾದ ಇನ್ನೊಂದು ಹೆಸರೂ ಉಂಟು, ಪೊಂಪಾನೊ. ಇದು ಟ್ರೆವಲಿ ಕುಟುಂಬದ್ದೇ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2011ರಲ್ಲಿ ತಮಿಳುನಾಡಿನ ಮಂಡಪಂನಲ್ಲಿ ಬೆಳ್ಳಿ ಪೊಂಪಾನೊ ಮರಿ ಮಾಡಿಸಿತು. ಕರಾವಳಿಯ ಉಪ್ಪುನೀರಿನ ಹೊಂಡ, ಸಮುದ್ರದ ಪಂಜರಗಳಲ್ಲಿ ಅದನ್ನು ಸಾಕುತ್ತಾರೆ. ‘ನಮ್ಮ ಬೋರಿನ ನೀರೂ ಸವಳೇ ಅಲ್ಲೇನ್ರಿ?’ ಎಂದರು ಮಿತ್ರರು. ಸಮುದ್ರದ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನಮ್ಮ ಸವಳು ಅದರ ಹತ್ತಿರಕ್ಕೂ ಬಾರದು.

ಅಂದರೆ ಶೇತತಳೆಗೆಂದು ಬರುವ ‘ಪಾಂಫ್ರೆಟ್ ಮರಿ’ ರೂಪಚಂದೇ ಆಗಿರಬೇಕು. ಸಾಕಬೇಕೆಂದಿದ್ದರೆ ರೂಪಚಂದೆಂದೇ ಸಾಕಲಿ. ಬೇಗ ಬೆಳೆಯುತ್ತದೆ, ಆದರೆ ಚಳಿ ತಾಳದು. ಉದಗೀರದ ಡಿಸೆಂಬರ್ ಚಳಿ ಬರುವ ಮೊದಲೇ ಹಿಡಿದು ಮಾರುವಂತೆ ಲೆಕ್ಕ ಹಾಕಬೇಕು, ಮರಿಯ ಪಾವತಿಯ ಮೇಲೆ ರೂಪಚಂದ್ ಎಂದೇ ಬರೆಸಬೇಕು. ಹೊಂಡದ ನೀರು ಹೊರಬೀಳುವ ಕಡೆ ಸಣ್ಣ ಕಣ್ಣಿನ ಜಾಳಿಗೆ ಕಟ್ಟಬೇಕು. ಮಳೆಗಾಲದಲ್ಲಿ ಕೋಡಿ ಹರಿದರೆ ಈ ಪರದೇಶಿ ಮೀನು ಹಳ್ಳ ಹಿಡಿದು ತೇರಣಾ ಸೇರುತ್ತದೆ, ತೇರಣಾದಿಂದ ಮಾಂಜ್ರಾಕ್ಕೆ, ಅಲ್ಲಿಂದ ನಮ್ಮ ಬೀದರ ಜಿಲ್ಲೆಗೆ.